ಉಳುಕಿದ್ದಷ್ಟೆ ಎನ್ನುವ ಕಾಲುಗಳು

ಮಳೆಗಾಲ ಹಿಡಿಯಿತೆಂದರೆ ನಮ್ಮ ಎಕ್ಸ್‌ರೇ ಕೋಣೆಗೆ ಬರುವ ಕಾಲುಗಳೇ ಬೇರೆ. ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿದವು, ತೋಟದಲ್ಲಿ ನೀರು ಹರಿದುಹೋಗುವ ಉಜಿರುಕಣಿ ದಾಟುವಾಗ ಒಳಗಿಳಿದು ತಿರುಚಿದವು, ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರವು, ಶಾಲೆಯ ಕೆಸರು ಮೈದಾನದಲ್ಲಿ ಫುಟ್‌ಬಾಲ್ ಆಡಿದ ಮಕ್ಕಳವು. ಚಳಿಗಾಲದಲ್ಲಿ ಯಕ್ಷಗಾನ ಮೇಳಗಳು ಹೊರಟ ಮೇಲೆ ರಂಗದಲ್ಲಿ ಹಾರಿ ತಿರುಗಿ ದಿಗಿಣ ಹಾಕಿದ ಕಾಲು ಒಂದೆರಡಾದರೂ ಬಂದೇ ಬರುತ್ತದೆ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಅವಕ್ಕೆ ರಜೆ. ಬಂದವರು ಹೇಳುವುದು ಮಾತ್ರ ಒಂದೇ. "ಎಂತದೂ ಆಯಿದಿಲ್ಲೆ, ಉಳುಕಿದ್ದಷ್ಟೆ" ಎನ್ನುತ್ತಾರೆ ತೋಟದ ಭಟ್ಟರು. "ದಾಲ ಆತ್‌ಜಿ ಅಕ್ಕಾ" ಎನ್ನುತ್ತಾನೆ ಅವರ ತೋಟಕ್ಕೇ ಕೆಲಸಕ್ಕೆ ಹೋಗುವವನು. ಫುಟ್‌ಬಾಲ್ ಹುಡುಗನದ್ದು "ಒನ್ನುಮಿಲ್ಲ ಚೇಚೀ". ಕಾಸರಗೋಡಿನಲ್ಲಿ ಇಷ್ಟೊಂದು ಭಾಷೆಗಳು ಒಮ್ಮತಕ್ಕೆ ಬರುವುದು ಬಹುಶಃ ಈ ಒಂದು ವಿಷಯದಲ್ಲಿ ಮಾತ್ರ.

ನಾನು ಡಾಕ್ಟರಲ್ಲ, ರೇಡಿಯೋಗ್ರಾಫರ್. ಬದಿಯಡ್ಕದ ಕಡೆಯ ಒಂದು ಸಣ್ಣ ಸೆಂಟರಿನಲ್ಲಿ ಯಂತ್ರದ ಪಕ್ಕ ನಿಲ್ಲುವವಳು. ವರದಿ ಬರೆಯುವುದು ನನ್ನ ಕೆಲಸವಲ್ಲ, ಬರೆಯಲೂ ಬಾರದು. ಆದರೆ ಯಾವ ಕೋನದಿಂದ ತೆಗೆಯಬೇಕು, ಎಲ್ಲಿಂದ ಎಲ್ಲಿವರೆಗೆ ಫಿಲ್ಮಿನಲ್ಲಿ ಬರಬೇಕು ಎನ್ನುವುದು ನನ್ನ ಕೈಯಲ್ಲಿದೆ. ಇಷ್ಟು ವರ್ಷ ಅಲ್ಲಿ ನಿಂತು ನನಗೆ ಗಟ್ಟಿಯಾದ ಅಭಿಪ್ರಾಯ ಒಂದಿದೆ: ಪಾದದ ಮುರಿತಗಳು ಫಿಲ್ಮಿನಲ್ಲಿ ತಪ್ಪಿಹೋಗುವುದಕ್ಕಿಂತ ಹೆಚ್ಚಾಗಿ ಫಿಲ್ಮಿಗೂ ಮೊದಲೇ ತಪ್ಪಿಹೋಗಿರುತ್ತವೆ. ಯಾರೂ ಬೆರಳಿಟ್ಟು ಒತ್ತಿ ನೋಡಿರುವುದಿಲ್ಲ. ಚೀಟಿಯಲ್ಲಿ "ಆ್ಯಂಕಲ್, ಎಪಿ, ಲ್ಯಾಟರಲ್" ಎಂದು, ಅಂದರೆ ಕಾಲಿನ ಗಂಟಿನ ನೇರ ನೋಟ, ಪಕ್ಕದ ನೋಟ ಎಂದು ಬರೆದಿರುತ್ತದೆ, ರೋಗಿಯ ನೋವು ಇರುವುದು ಪಾದದ ಹೊರಅಂಚಿನಲ್ಲಿ. ಕೇಳಿದ್ದನ್ನು ತೆಗೆದುಕೊಟ್ಟರೆ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಆ ಉತ್ತರ "ನಾರ್ಮಲ್".

ಪಾದವೆಂದರೆ 26 ಎಲುಬು. ಹೆಬ್ಬೆರಳಿನ ಬುಡದಡಿ ಇರುವ ಎರಡು ಪುಟ್ಟ ಸೆಸಮಾಯ್ಡ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಬೆರಳುಗಳ ಕಡೆ ಎಲುಬುಗಳು ಬಿಡಿಬಿಡಿಯಾಗಿ ಕಾಣುತ್ತವೆ, ಅಲ್ಲಿ ಮುರಿದರೆ ಹೊಸಬರಿಗೂ ಗೊತ್ತಾಗುತ್ತದೆ. ಕಷ್ಟ ಇರುವುದು ಪಾದದ ನಡುಭಾಗದಲ್ಲಿ. ಕಮಾನಾಗಿ ಜೋಡಿಸಿದ ಗಿಡ್ಡ ಎಲುಬುಗಳು ಅಲ್ಲಿ ಒಂದರ ಮೇಲೊಂದು ನೆರಳು ಚೆಲ್ಲುತ್ತವೆ. ಆ ಕಮಾನನ್ನು ಚಪ್ಪಟೆ ಚಿತ್ರಕ್ಕೆ ಇಳಿಸಿದಾಗ ಒಂದರ ಅಂಚು ಇನ್ನೊಂದರ ಬಿರುಕನ್ನು ಮುಚ್ಚುತ್ತದೆ. ಅದಕ್ಕಾಗಿಯೇ ಪಾದಕ್ಕೆ ಮೂರು ನೋಟ ಬೇಕೆನ್ನುವುದು: ಮೇಲಿನಿಂದ, ಓರೆಯಾಗಿ, ಪಕ್ಕದಿಂದ. ಕಾಲಿನ ಗಂಟಿಗೂ ಮೂರು. ನೇರವಾಗಿ ಒಂದು, ಪಕ್ಕದಿಂದ ಒಂದು, ಕಾಲನ್ನು 15-20 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯುವ "ಮಾರ್ಟಿಸ್" ಇನ್ನೊಂದು. ಸಣ್ಣ ಊರುಗಳಲ್ಲಿ ಎರಡಕ್ಕೇ ಮುಗಿಸುವ ಅಭ್ಯಾಸವಿದೆ. ಒಂದು ಫಿಲ್ಮಿನ ದುಡ್ಡು ಉಳಿಯುತ್ತದೆ ಎನ್ನುವುದು ಸರಿ. ಯಾರ ದುಡ್ಡು, ಎಷ್ಟು ಸಮಯಕ್ಕೆ ಎನ್ನುವುದು ಬೇರೆ ಮಾತು.

ಕಿರುಬೆರಳಿನ ಉದ್ದೆಲುಬಿನ ಬುಡವನ್ನೇ ತೆಗೆದುಕೊಳ್ಳಿ. ಐದನೆಯ ಮೆಟಾಟಾರ್ಸಲ್. ನಿಮ್ಮ ಪಾದದ ಹೊರಅಂಚಿನಲ್ಲಿ ಬೆರಳಾಡಿಸಿದರೆ ಹಿಮ್ಮಡಿಗೂ ಕಿರುಬೆರಳಿಗೂ ನಡುವೆ ಒಂದು ಗುಬ್ಬಿ ಸಿಗುತ್ತದಲ್ಲ, ಅದು. ಕಾಲು ಒಳಮಗ್ಗುಲಾಗಿ ಹೊರಳಿದಾಗ ಆ ಗುಬ್ಬಿಗೆ ಅಂಟಿದ ಸ್ನಾಯುರಜ್ಜು ಮತ್ತು ಅಂಗಾಲಿನ ಪಟ್ಟಿ ಜಗ್ಗಿ ತುದಿಯ ಒಂದು ಚೂರನ್ನು ಕಿತ್ತುಬಿಡುತ್ತವೆ. ರೋಗಿ ಹೇಳುವುದು "ಗಂಟು ಉಳುಕಿತು" ಎಂದೇ. ಊತವೂ ಗಂಟಿನ ತನಕ ಹಬ್ಬಿರುತ್ತದೆ. ಗಂಟಿನ ಫಿಲ್ಮನ್ನು ಸ್ವಲ್ಪ ಬಿಗಿಯಾಗಿ ಕತ್ತರಿಸಿ ತೆಗೆದರೆ ಆ ಗುಬ್ಬಿ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಪಕ್ಕದ ನೋಟ ತೆಗೆಯುವಾಗ ಅದನ್ನು ಒಳಗೆ ಸೇರಿಸಲೇಬೇಕು ಎನ್ನುವುದು ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು. ಕೆಲಸದ ಒತ್ತಡದಲ್ಲಿ ಮೊದಲು ಮರೆಯುವುದೂ ಅದನ್ನೇ.

ಈ ಎಲುಬಿಗೆ ಒಂದು ಒಳ್ಳೆಯ ಕಥೆಯಿದೆ. ಲಿವರ್‌ಪೂಲ್‌ನಲ್ಲಿ ಕೆಲಸ ಮಾಡುತ್ತಿದ್ದ ಸರ್ಜನ್ ರಾಬರ್ಟ್ ಜೋನ್ಸ್ ಎಕ್ಸ್‌ರೇಯನ್ನು ತೀರ ಆರಂಭದಲ್ಲೇ ಹಚ್ಚಿಕೊಂಡವರು. 1896ರಲ್ಲೇ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಜೊತೆ ಸೇರಿ ಹುಡುಗನೊಬ್ಬನ ಮಣಿಕಟ್ಟಿನಲ್ಲಿ ಹೊಕ್ಕಿದ್ದ ಗುಂಡನ್ನು ಪತ್ತೆಹಚ್ಚಿದ್ದರು. ಕೆಲವು ವರ್ಷಗಳ ನಂತರ ನೃತ್ಯ ಮಾಡುವಾಗ ಅವರದೇ ಕಾಲು ಹೊರಅಂಚಿನ ಮೇಲೆ ಹೊರಳಿತು. ಹಿಮ್ಮಡಿ ಆಗ ನೆಲ ಬಿಟ್ಟಿತ್ತು. ಸ್ನಾಯುರಜ್ಜು ಹರಿದಿರಬೇಕು ಎಂದು ಅವರ ಅಂದಾಜು. ಎಕ್ಸ್‌ರೇ ತೆಗೆಸಿದಾಗ ಐದನೆಯ ಮೆಟಾಟಾರ್ಸಲ್ ಮುರಿದಿತ್ತು. 1902ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತಿಗೂ ಆ ಮುರಿತಕ್ಕೆ ಜೋನ್ಸ್ ಮುರಿತ ಎಂದೇ ಹೆಸರು. ಎಲುಬಿನ ಡಾಕ್ಟರಿಗೇ ತನ್ನ ಕಾಲು ಮುರಿದದ್ದು ಮುಟ್ಟಿ ನೋಡಿದರೆ ತಿಳಿಯಲಿಲ್ಲ ಎಂದಾಗ ನಮ್ಮ ವೇಷಧಾರಿಗಳು ನೋವಿಗೆ ಎಣ್ಣೆ ತಿಕ್ಕಿಕೊಂಡು ಮರುದಿನ ಮತ್ತೆ ರಂಗಕ್ಕೆ ಹೋಗುವುದರಲ್ಲಿ ಏನು ಆಶ್ಚರ್ಯ!

ತುದಿ ಕಿತ್ತುಬರುವ ಮುರಿತ ಬೇರೆ, ಜೋನ್ಸ್ ಮುರಿತ ಬೇರೆ. ಎರಡರ ನಡುವೆ ಒಂದೆರಡು ಸೆಂಟಿಮೀಟರಿನ ಅಂತರವಷ್ಟೆ. ತುದಿಯದ್ದು ಗಟ್ಟಿ ಅಟ್ಟೆಯ ಬೂಟು ಹಾಕಿ ನಡೆದಾಡಿಕೊಂಡೇ ಹೆಚ್ಚಿನವರಿಗೆ ಕೂಡಿಕೊಳ್ಳುತ್ತದೆ. ಜೋನ್ಸ್ ಬಿರುಕು ಬೀಳುವ ಜಾಗಕ್ಕೆ ರಕ್ತದ ಸರಬರಾಜು ಕಡಿಮೆ. ಅದು ಬೇಗ ಕೂಡುವುದಿಲ್ಲ, ವಾರಗಟ್ಟಲೆ ಕಾಲು ಊರದೆ ಇರಬೇಕು, ಕೆಲವರಿಗೆ ಸ್ಕ್ರೂ ಹಾಕಬೇಕಾಗುತ್ತದೆ. ಮಕ್ಕಳಲ್ಲಿ ಇದೇ ಜಾಗದಲ್ಲಿ ಇನ್ನೊಂದು ಗೆರೆ ಕಾಣುತ್ತದೆ. ಬೆಳೆಯುವ ವಯಸ್ಸಿನ ಗೆರೆ ಅದು. ಎಲುಬಿನ ಉದ್ದಕ್ಕೆ ಸಮಾನಾಂತರವಾಗಿ ಇದ್ದರೆ ಸಾಮಾನ್ಯವಾಗಿ ಬೆಳವಣಿಗೆಯದ್ದು, ಅಡ್ಡಕ್ಕೆ ಇದ್ದರೆ ಮುರಿತದ್ದು. ಆ ಗೆರೆಯನ್ನು ಬಿರುಕೆಂದು ತಿಳಿದು ಪ್ಲಾಸ್ಟರ್ ಹಾಕಿಸಿಕೊಂಡ ಶಾಲಾಮಕ್ಕಳೂ ಇದ್ದಾರೆ. ಅವರಿಗೆ ಮೂರು ವಾರ ಪಿ.ಟಿ. ಪೀರಿಯಡ್ ತಪ್ಪಿದ್ದು ಬಿಟ್ಟರೆ ಹೆಚ್ಚಿನ ನಷ್ಟವೇನಿಲ್ಲ.

ನಷ್ಟ ದೊಡ್ಡದಾಗುವುದು ಲಿಸ್‌ಫ್ರಾಂಕ್ ವಿಷಯದಲ್ಲಿ. ಹೆಸರು ಜಾಕ್ ಲಿಸ್‌ಫ್ರಾಂಕ್ (1790-1847) ಎಂಬ ಫ್ರೆಂಚ್ ಸರ್ಜನ್‌ನದ್ದು, ನೆಪೋಲಿಯನ್ ಕಾಲದವನು. ಆತ ಪ್ರಸಿದ್ಧನಾದದ್ದು ಮುರಿತ ಜೋಡಿಸಿದ್ದಕ್ಕಲ್ಲ. ಪಾದದ ಮುಂಭಾಗವನ್ನು ಎಲುಬು ಗರಗಸದಿಂದ ಕೊಯ್ಯದೆ ಕೀಲಿನ ಗೆರೆಯಲ್ಲೇ ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಗೆ. ಉದ್ದೆಲುಬುಗಳು ಪಾದದ ನಡುವಿನ ಗಿಡ್ಡ ಎಲುಬುಗಳಿಗೆ ಸೇರುವ ಆ ಸಾಲಿಗೇ ಅವನ ಹೆಸರು ಅಂಟಿಕೊಂಡಿತು.

ಆ ಸಾಲಿನಲ್ಲಿ ಎರಡನೆಯ ಬೆರಳಿನ ಉದ್ದೆಲುಬು ಉಳಿದವುಗಳಿಗಿಂತ ಸ್ವಲ್ಪ ಹಿಂದಕ್ಕೆ ಸರಿದು, ಎರಡು ಗಿಡ್ಡ ಎಲುಬುಗಳ ನಡುವೆ ಹೊಕ್ಕು ಕೂತಿದೆ. ಇಡೀ ಕಮಾನಿಗೆ ಅದೇ ಬೀಗ. ಎರಡನೆಯದರಿಂದ ಐದನೆಯದರವರೆಗೆ ಉದ್ದೆಲುಬುಗಳ ಬುಡಗಳನ್ನು ಪರಸ್ಪರ ಕಟ್ಟುವ ಅಸ್ಥಿರಜ್ಜುಗಳಿವೆ, ಆದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಂಥದ್ದಿಲ್ಲ. ಅಲ್ಲಿರುವುದು ಓರೆಯಾಗಿ ಹೋಗುವ ಲಿಸ್‌ಫ್ರಾಂಕ್ ರಜ್ಜು. ಅದು ಹರಿದರೆ ಬೀಗ ಕಳಚಿದ ಹಾಗೆ. ಬೆರಳುಗಳು ನೆಲದಲ್ಲಿ ಊರಿ, ಹಿಮ್ಮಡಿ ಮೇಲೆದ್ದು, ಅದರ ಮೇಲೆ ದೇಹದ ಭಾರ ತಿರುಚಿಕೊಂಡು ಬಿದ್ದರೆ ಸಾಕು. ಫುಟ್‌ಬಾಲ್‌ನಲ್ಲಿ ಹಿಮ್ಮಡಿಯ ಮೇಲೆ ಯಾರೋ ಬಿದ್ದಾಗ, ಕಣಿಯ ಅಂಚಿನಲ್ಲಿ ಮುಂಗಾಲು ಮಾತ್ರ ಸಿಕ್ಕಿ ಜಾರಿದಾಗ, ಸ್ಕೂಟರಿನಿಂದ ಕಾಲು ಕೆಳಗಿಟ್ಟು ಬ್ಯಾಲೆನ್ಸ್ ಮಾಡಲು ಹೋದಾಗ ಆಗುವುದು ಇದೇ.

ಮೊದಲ ಎಕ್ಸ್‌ರೇಯಲ್ಲಿ ಇಂಥವುಗಳಲ್ಲಿ ಸುಮಾರು ಐದರಲ್ಲಿ ಒಂದು ತಪ್ಪಿಹೋಗುತ್ತದೆ ಎಂದು ಪಠ್ಯಗಳು ಬಹಳ ಕಾಲದಿಂದ ಹೇಳುತ್ತ ಬಂದಿವೆ. ಕಾರಣ ಸರಳ. ನಾವು ಫಿಲ್ಮ್ ತೆಗೆಯುವುದು ರೋಗಿಯನ್ನು ಮಲಗಿಸಿ. ಭಾರವಿಲ್ಲದ ಪಾದದಲ್ಲಿ ಸರಿದ ಎಲುಬುಗಳು ತಮ್ಮ ಜಾಗಕ್ಕೆ ಮರಳಿ ಸಭ್ಯವಾಗಿ ಕೂತುಬಿಡುತ್ತವೆ. ನಿಲ್ಲಿಸಿ, ಎರಡೂ ಪಾದಗಳನ್ನು ಒಂದೇ ಫಿಲ್ಮಿನಲ್ಲಿ ತೆಗೆದರೆ ಗಾಯದ ಪಾದದಲ್ಲಿ ಮೊದಲನೆಯ ಮತ್ತು ಎರಡನೆಯ ಉದ್ದೆಲುಬುಗಳ ಬುಡದ ನಡುವೆ ಸಂದು ಬಾಯಿಬಿಡುತ್ತದೆ. 2 ಮಿಲಿಮೀಟರ್ ಮೀರಿದ ಸಂದು, ಅದಕ್ಕಿಂತ ಮುಖ್ಯವಾಗಿ ಇನ್ನೊಂದು ಪಾದಕ್ಕಿಂತ ದೊಡ್ಡದಾದ ಸಂದು, ಅನುಮಾನಕ್ಕೆ ಸಾಕು. ಆ ಸಂದಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಎಲುಬಿನ ಚೂರೊಂದು ಕಂಡರೆ ಅನುಮಾನ ಉಳಿಯುವುದಿಲ್ಲ: ರಜ್ಜು ತನ್ನ ಬುಡವನ್ನೇ ಕಿತ್ತುಕೊಂಡು ಬಂದಿದೆ.

ನೋಡುವ ಕ್ರಮ ಕಲಿತವರಿಗೆ ಎರಡು ಗೆರೆಗಳು ಸಾಕು. ಮೇಲಿನ ನೋಟದಲ್ಲಿ ಎರಡನೆಯ ಉದ್ದೆಲುಬಿನ ಒಳಅಂಚು ಅದರ ಹಿಂದಿನ ಗಿಡ್ಡ ಎಲುಬಿನ, ಅಂದರೆ ನಡುವಿನ ಕ್ಯೂನಿಫಾರ್ಮ್‌ನ ಒಳಅಂಚಿಗೆ ನೇರವಾಗಿ ಸೇರಬೇಕು. ಓರೆ ನೋಟದಲ್ಲಿ ನಾಲ್ಕನೆಯದರ ಒಳಅಂಚು ಪಾದದ ಹೊರಬದಿಯ ಗಿಡ್ಡ ಎಲುಬಾದ ಕ್ಯೂಬಾಯ್ಡ್‌ನ ಒಳಅಂಚಿಗೆ. ಗೆರೆ ಮೆಟ್ಟಿಲಾದರೆ ತೊಂದರೆ ಇದೆ. ಇಷ್ಟೆಲ್ಲ ಗೊತ್ತಿಲ್ಲದವರಿಗೂ ಕಾಣುವ ಗುರುತೊಂದಿದೆ. ಅಂಗಾಲಿನ ನಡುವೆ ನೀಲಿಗಟ್ಟಿರುವುದು. ಬರೇ ಉಳುಕಿಗೆ ಅಂಗಾಲು ನೀಲಿಯಾಗುವುದು ಅಪರೂಪ. ಪಾದವನ್ನು ಪ್ಲೇಟಿನ ಮೇಲೆ ಇಡುವಾಗ ನನಗೆ ಅಂಗಾಲು ಹೇಗೂ ಕಾಣುತ್ತದೆ, ಡಾಕ್ಟರಿಗೆ ಫೋನ್ ಮಾಡಿ ಹೇಳುತ್ತೇನೆ. ಕೆಲವರು ಥ್ಯಾಂಕ್ಸ್ ಎನ್ನುತ್ತಾರೆ, ಕೆಲವರು "ಚೀಟಿಯಲ್ಲಿದ್ದಷ್ಟು ತೆಗೆಯಿರಿ" ಎನ್ನುತ್ತಾರೆ. ಎರಡೂ ರೂಢಿಯಾಗಿದೆ.

ಮೊದಲ ದಿನ ನೋವಿಗೆ ನಿಲ್ಲಲು ಆಗದಿದ್ದರೆ ಒತ್ತಾಯ ಮಾಡಿ ಪ್ರಯೋಜನವಿಲ್ಲ. ಪಟ್ಟಿ ಕಟ್ಟಿ, ಕಾಲಿಗೆ ಭಾರ ಕೊಡದೆ, ಒಂದು ವಾರ ಹತ್ತು ದಿನ ಬಿಟ್ಟು ನಿಲ್ಲಿಸಿ ತೆಗೆಯಬಹುದು, ಇಲ್ಲವೇ ಸಿ.ಟಿ. ಮಾಡಬಹುದು. ತಪ್ಪಿಹೋದರೆ ಪಾದದ ಕಮಾನು ನಿಧಾನಕ್ಕೆ ಕುಸಿಯುತ್ತದೆ, ಸಂಧಿವಾತ ಸೇರಿಕೊಳ್ಳುತ್ತದೆ. ಬೈಕಿನಿಂದ ಬಿದ್ದು ಬೇರೆಲ್ಲೋ "ಮುರಿತ ಇಲ್ಲ" ಎನಿಸಿಕೊಂಡ ಗಾರೆ ಕೆಲಸದವರೊಬ್ಬರು ತಿಂಗಳುಗಳ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಪಾದ ಚಪ್ಪಟೆಯಾಗಿತ್ತು. ಏಣಿ ಹತ್ತಲು ಆಗುವುದಿಲ್ಲ ಎನ್ನುವುದಷ್ಟೇ ಅವರ ದೂರು, ಗಾರೆ ಕೆಲಸದವರಿಗೆ ಅದಕ್ಕಿಂತ ದೊಡ್ಡ ದೂರು ಇನ್ನೇನು ಬೇಕು.

ಮರದಿಂದ ಬಿದ್ದವರ ಲೆಕ್ಕ ಬೇರೆ. ಈಗ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವ, ಮದ್ದು ಬಿಡುವ ಕ್ರಮ ಬೆಳೆದಿದೆ, ಹತ್ತುವವರೂ ಕಡಿಮೆಯಾಗಿದ್ದಾರೆ. ಆದರೂ ಬೀಳುವವರು ಇದ್ದಾರೆ. ಕಾಲೂರಿ ಬಿದ್ದರೆ ಹಿಮ್ಮಡಿ ಎಲುಬು ಜಜ್ಜಿಹೋಗುತ್ತದೆ. ಅದು ಎರಡು ತುಂಡಾಗಿ ಕಾಣಬೇಕೆಂದಿಲ್ಲ, ಕುಸಿದಿರುತ್ತದೆ ಅಷ್ಟೆ. ವಿಯೆನ್ನಾದ ಲೊರೆನ್ಸ್ ಬೋಲರ್ 1931ರಲ್ಲಿ ಅದಕ್ಕೊಂದು ಅಳತೆ ಕೊಟ್ಟರು. ಪಕ್ಕದ ನೋಟದಲ್ಲಿ ಹಿಮ್ಮಡಿ ಎಲುಬಿನ ಮೇಲಂಚಿನ ಮೂರು ಎತ್ತರದ ಬಿಂದುಗಳನ್ನು ಹಿಡಿದು ಎರಡು ಗೆರೆ ಎಳೆಯುವುದು; ಅವು ದಾಟುವಲ್ಲಿ ಸಿಗುವ ಕಿರಿಕೋನ 20ರಿಂದ 40 ಡಿಗ್ರಿ ಇರಬೇಕು. ಕಡಿಮೆಯಾದರೆ ಎಲುಬು ಕುಸಿದಿದೆ. ಕೋನ ಸರಿಯಿದ್ದ ಮಾತ್ರಕ್ಕೆ ಮುರಿತ ಇಲ್ಲ ಎನ್ನಲು ಬರುವುದಿಲ್ಲ, ಹಿಂದಿನಿಂದ ತೆಗೆಯುವ ಹಿಮ್ಮಡಿಯ ನೋಟವೂ ಬೇಕು. ಇಲ್ಲಿ ಇನ್ನೊಂದು ಬಲೆ ಇದೆ. ಒಂದು ಮುರಿತ ಸಿಕ್ಕಿದ ಕೂಡಲೇ ಕಣ್ಣಿಗೆ ತೃಪ್ತಿಯಾಗಿ ಹುಡುಕುವುದನ್ನು ನಿಲ್ಲಿಸುತ್ತದೆ. ಎತ್ತರದಿಂದ ಬಿದ್ದ ಹಿಮ್ಮಡಿ ಮುರಿತದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಸೊಂಟದ ಬೆನ್ನೆಲುಬೂ ಮುರಿದಿರುತ್ತದೆ, ಕೆಲವರಿಗೆ ಇನ್ನೊಂದು ಹಿಮ್ಮಡಿಯೂ. ಕಾಲಿನ ನೋವಿನ ಅಬ್ಬರದಲ್ಲಿ ಬೆನ್ನಿನ ನೋವು ಬಾಯಿಗೆ ಬರುವುದೇ ಇಲ್ಲ.

ಕೆಳಗೆ ಹೊರಳಿ ಮೇಲೆ ಮುರಿಯುವುದೂ ಉಂಟು. 1840ರಲ್ಲಿ ಮೆಸೊನ್ಯೂವ್ ಎಂಬ ಫ್ರೆಂಚ್ ಸರ್ಜನ್ ವಿವರಿಸಿದ್ದು. ಗಂಟಿನಲ್ಲಿ ತಿರುಚಿದ ಬಲ ಮೊಣಕಾಲಿನ ಕೆಳಗಿನ ಎರಡು ಎಲುಬುಗಳ ನಡುವಿನ ಪರದೆಯನ್ನು ಹರಿಯುತ್ತ ಮೇಲಕ್ಕೇರಿ ಮೊಣಕಾಲಿನ ಹತ್ತಿರ ಹೊರಬದಿಯ ತೆಳು ಎಲುಬಾದ ಫಿಬ್ಯುಲಾವನ್ನು ಮುರಿದು ಹೊರಬರುತ್ತದೆ. ಗಂಟಿನ ಫಿಲ್ಮಿನಲ್ಲಿ ಒಳಗಡೆಯ ಸಂದು ಸ್ವಲ್ಪ ಅಗಲವಾಗಿರುವುದು ಬಿಟ್ಟರೆ ಏನೂ ಕಾಣದಿರಬಹುದು. ಮೊಣಕಾಲಿನ ಕೆಳಗೆ ಹೊರಬದಿಯಲ್ಲಿ ಒತ್ತಿ ನೋಡಲು ಅರ್ಧ ನಿಮಿಷವೂ ಬೇಡ.

ಗಂಟಿನ ಹೊರಎಲುಬಿನ ತುದಿಯಿಂದ ಒಂದು ಬೆರಳು ಕೆಳಗೆ ನೋವಿದ್ದರೆ ಗಂಟಿನೊಳಗೆ ಹಿಮ್ಮಡಿ ಎಲುಬಿನ ಮೇಲೆ ಕೂತಿರುವ ಟೇಲಸ್ ಎಲುಬಿನ ಹೊರಚಾಚನ್ನು ನೋಡಬೇಕು. ಮಂಜಿನಲ್ಲಿ ಹಲಗೆ ಕಟ್ಟಿ ಜಾರುವವರಲ್ಲಿ ಹೆಚ್ಚೆಂದು ಅದಕ್ಕೆ ಸ್ನೋಬೋರ್ಡರ್ ಮುರಿತ ಎಂಬ ಹೆಸರು ಬಂದಿದೆ. ಮಂಜು ಕಾಣದ ನಮ್ಮೂರಿನಲ್ಲೂ ಅದಕ್ಕೆ ತೊಂದರೆಯಿಲ್ಲ, ಸ್ಕೂಟರ್ ಸಾಕು. ಅಲ್ಲಿಂದ ಸ್ವಲ್ಪ ಮುಂದೆ ಹಿಮ್ಮಡಿ ಎಲುಬಿನ ಮೂತಿ. ಇವೆರಡೂ ಉಳುಕಿನ ವೇಷ ಹಾಕಿಕೊಂಡೇ ಬರುತ್ತವೆ. ಟೇಲಸ್‌ನದ್ದು ಮಾರ್ಟಿಸ್ ನೋಟದಲ್ಲಿ, ಹಿಮ್ಮಡಿಯ ಮೂತಿಯದ್ದು ಪಕ್ಕದ ಅಥವಾ ಓರೆ ನೋಟದಲ್ಲಿ ಹುಡುಕಿದರೆ ಸಿಗುತ್ತದೆ. ಹುಡುಕಿದರೆ ಎಂದೆ.

ಇದರ ಎದುರು ತಪ್ಪೂ ಇದೆ, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಹಲವರ ಪಾದದಲ್ಲಿ ಹುಟ್ಟಿನಿಂದಲೇ ಹೆಚ್ಚುವರಿ ಸಣ್ಣ ಎಲುಬುಗಳಿರುತ್ತವೆ. ಟೇಲಸ್‌ನ ಹಿಂದೆ ಒಂದು, ಟೇಲಸ್‌ನ ಮುಂದಿರುವ ನ್ಯಾವಿಕ್ಯುಲರ್ ಎಲುಬಿನ ಒಳಬದಿಗೆ ಒಂದು, ಕ್ಯೂಬಾಯ್ಡ್‌ನ ಕೆಳಗೆ ಒಂದು. ಇವು ಪಯಸ್ವಿನಿ ಹೊಳೆಯ ಕಲ್ಲಿನಂತೆ ಸುತ್ತಲೂ ನುಣುಪು, ಅಂಚಿನುದ್ದಕ್ಕೂ ಬಿಳಿ ಗೆರೆ. ಹೊಸ ಚೂರಿಗೆ ಒಂದು ಬದಿಯಾದರೂ ಒರಟಾಗಿ, ಬಿಳಿ ಗೆರೆಯಿಲ್ಲದೆ ಇರುತ್ತದೆ. ಅನುಮಾನವಾದರೆ ಮತ್ತೆ ಅದೇ ಪ್ರಶ್ನೆ: ಅಲ್ಲಿ ಒತ್ತಿದರೆ ನೋವಿದೆಯೇ?

ಒತ್ತಿ ನೋಡುವುದಕ್ಕೂ ಶಾಸ್ತ್ರವಿದೆ. ಕೆನಡಾದ ಒಟಾವಾದಲ್ಲಿ ಇಯನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳು. ಗಂಟಿನ ಎರಡೂ ಬದಿಯ ಎಲುಬಿನ ಹಿಂದಂಚನ್ನು ತುದಿಯಿಂದ 6 ಸೆಂಟಿಮೀಟರ್ ತನಕ ಒತ್ತಿ, ಐದನೆಯ ಉದ್ದೆಲುಬಿನ ಬುಡ ಒತ್ತಿ, ನ್ಯಾವಿಕ್ಯುಲರ್ ಒತ್ತಿ, ನಾಲ್ಕು ಹೆಜ್ಜೆ ನಡೆಯಲು ಹೇಳಿ, ಕುಂಟಿದರೂ ಅಡ್ಡಿಯಿಲ್ಲ. ಎಲ್ಲೂ ನೋವಿಲ್ಲ, ನಡೆಯಲೂ ಆಯಿತು ಎಂದರೆ ಎಕ್ಸ್‌ರೇಯೇ ಬೇಡ. ಅನಗತ್ಯ ಎಕ್ಸ್‌ರೇ ತಗ್ಗಿಸಲೆಂದು ಮಾಡಿದ ನಿಯಮವಿದು, ನಮ್ಮ ಸೆಂಟರಿನ ವ್ಯಾಪಾರಕ್ಕೆ ಒಳ್ಳೆಯದಲ್ಲ. ಆದರೆ ಚೀಟಿ ಬರೆಯುವ ಮೊದಲು ಇಷ್ಟು ಮಾಡಿದ ಡಾಕ್ಟರ ಚೀಟಿ ಬೇರೆಯೇ ಇರುತ್ತದೆ. "ಐದನೇ ಮೆಟಾಟಾರ್ಸಲ್ ಬುಡದಲ್ಲಿ ನೋವು" ಎಂದು ಒಂದು ಸಾಲು ಇದ್ದರೆ ನಾನು ಫಿಲ್ಮನ್ನು ಬೇರೆ ರೀತಿ ತೆಗೆಯುತ್ತೇನೆ, ವರದಿ ಬರೆಯುವವರು ಬೇರೆ ರೀತಿ ನೋಡುತ್ತಾರೆ.

ಈ ನಿಯಮ ಕೆಲಸ ಮಾಡದ ಒಂದು ಗುಂಪಿದೆ, ನಮ್ಮ ಕಡೆ ಅದು ಸಣ್ಣದಲ್ಲ: ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು. ಗಲ್ಫಿನಿಂದ ನಿವೃತ್ತರಾಗಿ ಬಂದವರು, ದಿನವಿಡೀ ಅಂಗಡಿಯಲ್ಲಿ ಕೂತವರು, ಬರಿಗಾಲಲ್ಲಿ ತೋಟ ಸುತ್ತುವ ಅಜ್ಜಂದಿರು. ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿರುತ್ತದೆ, ನೋವು ಮಾತ್ರ ಹೇಳಿಕೊಳ್ಳುವಷ್ಟಿಲ್ಲ. ಎಲ್ಲರೂ ಸೋಂಕು ಎಂದುಕೊಂಡು ಮಾತ್ರೆ ಕೊಡುತ್ತಾರೆ. ಒಳಗೆ ಎಲುಬುಗಳು ಪುಡಿಯಾಗುತ್ತಿರಬಹುದು. ಶಾರ್ಕೋ ಪಾದ ಎನ್ನುತ್ತಾರೆ. ಫ್ರಾನ್ಸಿನ ಶಾರ್ಕೋ 1868ರಲ್ಲಿ ಸಿಫಿಲಿಸ್‌ನಿಂದ ನರ ಕೆಟ್ಟವರಲ್ಲಿ ಇಂಥ ಕೀಲುಗಳನ್ನು ವಿವರಿಸಿದ್ದ. ಸಕ್ಕರೆ ಕಾಯಿಲೆಯ ನಂಟನ್ನು ಗುರುತಿಸಿದ್ದು 1936ರಲ್ಲಿ ಜೋರ್ಡನ್. ಆರಂಭದಲ್ಲಿ ಎಕ್ಸ್‌ರೇ ಶುದ್ಧವಾಗಿಯೇ ಇರುತ್ತದೆ. ಆ ಹೊತ್ತಿಗೆ ಭಾರ ಇಳಿಸಿ ಪ್ಲಾಸ್ಟರ್ ಹಾಕಿದರೆ ಪಾದ ಉಳಿಯುತ್ತದೆ. ಇಂಥವರನ್ನು "ನಾಲ್ಕು ಹೆಜ್ಜೆ ನಡೆಯಿರಿ" ಎಂದರೆ ನಲವತ್ತು ನಡೆದು ತೋರಿಸುತ್ತಾರೆ.

ಮೊದಲ ಫಿಲ್ಮ್ ಶುದ್ಧವಾಗಿರುವ ಇನ್ನೊಂದು ಬಗೆ ಪೊಲೀಸ್, ಸೇನೆ ಸೇರಲು ತಯಾರಿ ನಡೆಸುವ ಹುಡುಗರದ್ದು. ಬೆಳಗ್ಗೆ ಡಾಂಬರು ರಸ್ತೆಯಲ್ಲಿ ದಿಢೀರನೆ ಓಡಲು ಶುರುಮಾಡಿ ಕೆಲವೇ ವಾರದಲ್ಲಿ ಮುಂಗಾಲು ಹಿಡಿದುಕೊಂಡು ಬರುತ್ತಾರೆ. ಬಿದ್ದಿಲ್ಲ, ತಿರುಚಿಲ್ಲ. ಪ್ರಷ್ಯದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲೇ, ಎಕ್ಸ್‌ರೇ ಹುಟ್ಟುವ ಮೊದಲೇ, ಕವಾಯತಿನ ಸೈನಿಕರ ಪಾದದಲ್ಲಿ ಇದನ್ನು ಗಮನಿಸಿದ್ದ. ಕೂದಲೆಳೆಯ ಬಿರುಕು ಮೊದಲೆರಡು ವಾರ ಫಿಲ್ಮಿಗೆ ಸಿಗುವುದೇ ಕಡಿಮೆ. ಆಮೇಲೆ ಅದರ ಸುತ್ತ ಹೊಸ ಎಲುಬು ಕಟ್ಟತೊಡಗಿದಾಗ ಕಾಣುತ್ತದೆ. ಎಂ.ಆರ್.ಐ.ಗೆ ಬೇಗ ಸಿಗುತ್ತದೆ, ದುಡ್ಡಿದ್ದವರಿಗೆ.

ಎರಡನೇ ಸಲ ಎಕ್ಸ್‌ರೇ ಎಂದ ಕೂಡಲೇ ಮನೆಯವರು ರೇಡಿಯೇಶನ್ ವಿಷಯ ತೆಗೆಯುತ್ತಾರೆ. ಪಾದದ ಒಂದು ಎಕ್ಸ್‌ರೇಯಲ್ಲಿ ಸಿಗುವ ವಿಕಿರಣ ನಾವು ಸುಮ್ಮನೆ ಮನೆಯಲ್ಲಿ ಕೂತಾಗ ನೆಲದಿಂದ, ಆಕಾಶದಿಂದ ಒಂದು ದಿನದಲ್ಲಿ ಪಡೆಯುವುದಕ್ಕಿಂತ ಕಡಿಮೆ. ಇದೇ ಕೇರಳದ ಕೊಲ್ಲಂ ಕರಾವಳಿಯ, ತಾನಾಗಿಯೇ ವಿಕಿರಣ ಸೂಸುವ ಮೊನಜೈಟ್ ಮರಳಿನ ಮೇಲೆ ಜನ ತಲೆಮಾರುಗಳಿಂದ ಇದಕ್ಕಿಂತ ಎಷ್ಟೋ ಹೆಚ್ಚಿನದರಲ್ಲಿ ಬದುಕಿದ್ದಾರೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ಅಷ್ಟು ಸಾಕು.

ಕೊನೆಗೆ ಫೋಟೋ ಸಮಾಚಾರ. ನಮ್ಮಲ್ಲಿ ತೆಗೆದ ಫಿಲ್ಮ್ ಹೆಚ್ಚಾಗಿ ಮಂಗಳೂರಿಗೇ ಹೋಗುವುದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಕೇರಳ-ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಬಾಗಿಲು ಹಾಕಿದಾಗ ಕಾಲು ಹೋಗಲಾಗದಲ್ಲಿಗೆ ವಾಟ್ಸಾಪ್ ಹೋಯಿತು, ಆ ಅಭ್ಯಾಸ ಈಗಲೂ ಉಳಿದಿದೆ. ಟ್ಯೂಬ್‌ಲೈಟಿಗೆ ಹಿಡಿದು, ಬೆರಳು ಅಡ್ಡ ಬರುವಂತೆ, ಅಂಚು ಕತ್ತರಿಸಿ ಕಳಿಸಿದ ಫೋಟೋದಲ್ಲಿ ಐದನೆಯ ಮೆಟಾಟಾರ್ಸಲ್ ಬುಡವೇ ಇರುವುದಿಲ್ಲ. ಕಳಿಸುವುದಾದರೆ ಹಗಲು ಹೊತ್ತು ಕಿಟಕಿಯ ಗಾಜಿಗೆ ಅಂಟಿಸಿ, ನಾಲ್ಕು ಮೂಲೆಯೂ ಬರುವಂತೆ, ಎಡ-ಬಲದ ಗುರುತು ಮತ್ತು ತಾರೀಕು ಕಾಣುವಂತೆ, ಒಂದೊಂದು ನೋಟಕ್ಕೆ ಒಂದೊಂದು ಫೋಟೋ ತೆಗೆಯಿರಿ. ಜೊತೆಗೆ ಪಾದದ ಫೋಟೋ ಒಂದು, ನೋವಿರುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಎರಡು ವಾರ ಕಳೆದೂ ನೋವು ಹಾಗೆಯೇ ಇದ್ದರೆ ಹೊಸ ಎಕ್ಸ್‌ರೇಗೆ ಬರುವಾಗ ಹಳೆಯ ಫಿಲ್ಮನ್ನೂ ತನ್ನಿ. ಮಡಚಬೇಡಿ.